ಧೂಳು ಹುಟ್ಟುವಲ್ಲೇ ಹಿಡಿಯಿರಿ: ಕೆಲಸದ ಜಾಗದಿಂದ ಬರುವ ಕ್ಯಾನ್ಸರ್ ತಡೆಯುವುದು ಹೇಗೆ?

ಮುಂಬೈಯಲ್ಲಿ ನಮ್ಮವರು ಕೈ ಹಾಕದ ಕೆಲಸವೇ ಇಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಕಟ್ಟಡದ ಕೆಲಸದಲ್ಲಿದ್ದಾರೆ. ಉಡುಪಿ, ಕುಂದಾಪುರದವರು ಹೋಟೆಲ್‌ಗಳಲ್ಲಿದ್ದಾರೆ. ಡೊಂಬಿವಲಿ, ತಳೋಜದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ, ಕುರ್ಲಾ, ಸಾಕಿನಾಕಾದ ವೆಲ್ಡಿಂಗ್ ಅಂಗಡಿಗಳಲ್ಲಿ, ಆಸ್ಪತ್ರೆಗಳ ಎಕ್ಸ್‌ರೇ ಕೋಣೆಗಳಲ್ಲಿ ಕನ್ನಡ, ತುಳು ಕೇಳಿಸುತ್ತದೆ. ಕ್ಯಾನ್ಸರ್ ಎಂದ ಕೂಡಲೇ ಇವರಿಗೆಲ್ಲ ನಾವು ಹೇಳುವುದು ಒಂದೇ ಮಾತು: ತಂಬಾಕು ಬಿಡಿ, ಗುಟ್ಕಾ ಬಿಡಿ. ಅದು ಸರಿಯಾದ ಮಾತೇ. ಆದರೆ ದಿನಾ ಎಂಟು ಹತ್ತು ಗಂಟೆ ಇವರು ಎಂಥ ಗಾಳಿ ಎಳೆದುಕೊಳ್ಳುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಕೆಲಸಕ್ಕೂ ಕ್ಯಾನ್ಸರ್‌ಗೂ ನಂಟಿದೆ ಎಂಬುದು ಹೊಸ ವಿಷಯವಲ್ಲ. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಸರ್ಜನ್ 1775ರಲ್ಲೇ ಇದನ್ನು ಬರೆದಿಟ್ಟಿದ್ದರು. ಚಿಮಣಿ ಒಳಗೆ ಇಳಿದು ಮಸಿ ಕೆರೆಯುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದ ಕ್ಯಾನ್ಸರ್ ಬರುತ್ತಿತ್ತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಇಂಥ ವಸ್ತುಗಳ ಪಟ್ಟಿಯನ್ನೇ ಇಟ್ಟಿದೆ. ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವು ಅದರ ಒಂದನೇ ಗುಂಪಿನಲ್ಲಿವೆ. ಕಲ್ಲು ಮತ್ತು ಮರಳಿನ ಸಿಲಿಕಾ ಧೂಳು, ಆಸ್ಬೆಸ್ಟಾಸ್, ಡೀಸೆಲ್ ಹೊಗೆ, ಬೆಂಜೀನ್, ಮರದ ಪುಡಿ, ವೆಲ್ಡಿಂಗ್ ಹೊಗೆ, ಫಾರ್ಮಾಲ್ಡಿಹೈಡ್ ಎಲ್ಲವೂ ಅಲ್ಲಿವೆ. ಪೇಂಟರ್ ಕೆಲಸವೇ ಆ ಗುಂಪಿನಲ್ಲಿದೆ. ತಂಬಾಕು ಇರುವುದೂ ಅಲ್ಲೇ. ಒಂದೇ ಗುಂಪು ಎಂದರೆ ಅಪಾಯವೂ ಅಷ್ಟೇ ಎಂದಲ್ಲ, ಸಾಕ್ಷಿ ಅಷ್ಟೇ ಗಟ್ಟಿಯಾಗಿದೆ ಎಂದರ್ಥ.

ಇಲ್ಲಿರುವ ದೊಡ್ಡ ತೊಡಕು ಕಾಲದ್ದು. ಇವತ್ತು ಒಳಗೆ ಹೋದ ಧೂಳು ಕ್ಯಾನ್ಸರ್ ಆಗಿ ಕಾಣಿಸಲು ಹತ್ತು, ಇಪ್ಪತ್ತು, ಆಸ್ಬೆಸ್ಟಾಸ್ ಆದರೆ ನಲವತ್ತು ವರ್ಷವೂ ಬೇಕಾಗಬಹುದು. ಇಪ್ಪತ್ತೆರಡರ ಹುಡುಗನಿಗೆ ಕೆಮ್ಮೂ ಇಲ್ಲ, ನೋವೂ ಇಲ್ಲ. ಕಾಯಿಲೆ ಕಾಣುವ ಹೊತ್ತಿಗೆ ಅವನು ಊರಿಗೆ ಮರಳಿರುತ್ತಾನೆ, ಕಾಂಟ್ರಾಕ್ಟರ್ ಯಾರೆಂಬುದೂ ಮರೆತಿರುತ್ತದೆ. ಅದಕ್ಕೇ ಏನೂ ಆಗದಿರುವ ದಿನಗಳಲ್ಲೇ ಕಾಳಜಿ ಶುರುವಾಗಬೇಕು.

ಇನ್ನೊಂದು ಮಾತು. ಎಲ್ಲರೂ ಮಾಸ್ಕಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಮೊದಲು ಆ ವಸ್ತು ಬೇಕೇ ಬೇಕಾ ಎಂದು ನೋಡಬೇಕು. ಬೇಕೆಂದಾದರೆ ಧೂಳು, ಹೊಗೆ ಏಳುವ ಜಾಗದಲ್ಲೇ ಅದನ್ನು ನೀರಿನಿಂದಲೋ ಫ್ಯಾನಿನಿಂದಲೋ ಹಿಡಿಯಬೇಕು. ಆಮೇಲೆ ಅಲ್ಲಿ ನಿಲ್ಲುವ ಜನ ಮತ್ತು ಸಮಯ ಕಡಿಮೆ ಮಾಡಬೇಕು. ಇಷ್ಟೆಲ್ಲ ಆದ ಮೇಲೂ ಉಳಿದದ್ದಕ್ಕೆ ಮಾಸ್ಕ್. ಈ ಕ್ರಮ ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲು ಹೆಸರು ಕೇಳಿ

ಡಬ್ಬದಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಮುಚ್ಚಳ ತೆಗೆಯಬೇಡಿ. ರಾಸಾಯನಿಕದ ಡಬ್ಬ, ಡ್ರಮ್ಮಿನ ಮೇಲೆ ಕೆಂಪು ಅಂಚಿನ ಚೌಕ ಮೂಲೆ ಮೇಲಾಗಿ ನಿಂತಿರುತ್ತದೆ. ಅದರೊಳಗೆ ಮನುಷ್ಯನ ಎದೆಯಲ್ಲಿ ನಕ್ಷತ್ರ ಸಿಡಿದಂಥ ಚಿತ್ರ ಇದ್ದರೆ ಹುಷಾರು. ದೇಹದ ಒಳಗೆ ನಿಧಾನವಾಗಿ ಆಗುವ ಗಂಭೀರ ಹಾನಿಯ ಗುರುತು ಅದು. ಪಕ್ಕದಲ್ಲಿ 'ಎಚ್350' ಎಂದಿದ್ದರೆ ಕ್ಯಾನ್ಸರ್ ತರಬಹುದು ಎಂದರ್ಥ. 'ಎಚ್351' ಎಂದಿದ್ದರೆ ಆ ಶಂಕೆ ಇದೆ ಎಂದರ್ಥ.

ಕಾರ್ಖಾನೆಯಲ್ಲಾದರೆ ಪ್ರತಿ ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಎಂಬ ಕಾಗದ ಇರಬೇಕು. ಅದರಲ್ಲಿ 16 ಭಾಗಗಳು. ಎಲ್ಲ ಓದುವುದು ಬೇಡ. 2ನೇ ಭಾಗದಲ್ಲಿ ಅಪಾಯ ಏನೆಂದಿರುತ್ತದೆ, 8ನೇ ಭಾಗದಲ್ಲಿ ಯಾವ ಕೈಗವಸು, ಯಾವ ಮಾಸ್ಕ್ ಎಂದಿರುತ್ತದೆ. ಇಂಗ್ಲಿಷ್ ಬಾರದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಕಾಲೇಜಿಗೆ ಹೋಗುವ ಮಗಳಿಗೋ ತಮ್ಮನಿಗೋ ತೋರಿಸಿ. ಕೇಳುವುದಕ್ಕೆ ಹಿಂಜರಿಕೆ ಬೇಡ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯದ ಮಾಹಿತಿಯನ್ನು ಕೆಲಸಗಾರರಿಗೆ ತಿಳಿಸಲೇಬೇಕು ಎಂದು ಬರೆದರು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯಲ್ಲೂ ಮಾಲೀಕರಿಂದ ಈ ಮಾಹಿತಿ ಪಡೆಯುವ ಹಕ್ಕು ಇದೆ.

ಕಲ್ಲು, ಟೈಲ್ಸ್, ಗೋಡೆ: ಒಣಗಿದ್ದಾಗ ಕತ್ತರಿಸಬೇಡಿ

ಮುಂಬೈ, ಪುಣೆಯ ಯಾವ ಸೊಸೈಟಿಗೆ ಹೋದರೂ ಒಂದಲ್ಲ ಒಂದು ಫ್ಲ್ಯಾಟಿನಲ್ಲಿ ಕಟರ್ ಕಿರುಚುತ್ತಿರುತ್ತದೆ. ಬಾಗಿಲಿನಿಂದ ಬಿಳಿ ಮೋಡ ಹೊರಗೆ ಬರುತ್ತದೆ. ಒಳಗೆ ಕೂತ ಹುಡುಗನ ಮುಖಕ್ಕೆ ಒಂದು ಟವೆಲ್, ಅಷ್ಟೇ. ನಮ್ಮ ಜನ ಹೆಚ್ಚಾಗಿ ಇರುವುದು ಈ ಕೆಲಸದಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಲ್ಲಿ ನಿಲ್ಲುತ್ತದೆ. ಕೆಡುಕು ಮಾಡುವುದು ಕಾಣದ ಧೂಳು. ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದಕ್ಕಿಂತಲೂ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿದು ಅಲ್ಲೇ ಕೂರುತ್ತವೆ. ಅಲ್ಲಿ ಗಾಯ ಮಾಡಿ, ಕಲೆ ಕಟ್ಟಿ ಸಿಲಿಕೋಸಿಸ್ ತರುತ್ತವೆ. ಅದೇ ಸಿಲಿಕಾ ಶ್ವಾಸಕೋಶದ ಕ್ಯಾನ್ಸರ್‌ಗೂ ಕಾರಣ. ಟಿಬಿ ಬರುವ ಸಾಧ್ಯತೆಯನ್ನೂ ಜಾಸ್ತಿ ಮಾಡುತ್ತದೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕೆಲವೊಮ್ಮೆ ಟಿಬಿಯ ಹಾಗೇ ಕಾಣುತ್ತದೆ. ಕಲ್ಲಿನ ಕೆಲಸ ಮಾಡುವವನಿಗೆ ಟಿಬಿ ಔಷಧಿ ಪೂರ್ತಿ ಮುಗಿಸಿದರೂ ಉಸಿರು ಕಟ್ಟುವುದು ನಿಲ್ಲದಿದ್ದರೆ, ಧೂಳಿನ ವಿಷಯವನ್ನು ಡಾಕ್ಟರಿಗೆ ತಾವಾಗಿಯೇ ಹೇಳಬೇಕು.

ಎಲ್ಲ ಕಲ್ಲೂ ಒಂದೇ ಅಲ್ಲ. ಮಾರ್ಬಲ್‌ನಲ್ಲಿ ಸಿಲಿಕಾ ತುಂಬಾ ಕಡಿಮೆ. ಗ್ರಾನೈಟ್‌ನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು. ಈಗ ಅಡುಗೆಮನೆಯ ಕಟ್ಟೆಗೆ ಎಲ್ಲರೂ ಕೇಳುವ, ಕಾರ್ಖಾನೆಯಲ್ಲಿ ಮಾಡಿದ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಶೇ 90ಕ್ಕಿಂತ ಹೆಚ್ಚೂ ಇರುತ್ತದೆ. ಅದನ್ನು ಕತ್ತರಿಸುತ್ತಿದ್ದ ಎಳೆಯ ವಯಸ್ಸಿನ ಕೆಲಸಗಾರರು ಸಿಲಿಕೋಸಿಸ್‌ಗೆ ಬಿದ್ದದ್ದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಮನೆ ಮಾಡಿಸುವವರು ಈ ಕಲ್ಲನ್ನು ಬಿಟ್ಟರೆ ಒಳ್ಳೆಯದು. ಚಂದಕ್ಕೆ ಬೇರೆ ಕಲ್ಲುಗಳಿವೆ.

ಈಗ ಮಾಡುವ ವಿಧಾನ:

ಅಳತೆ ಮೊದಲೇ ತೆಗೆದುಕೊಂಡು, ಕಲ್ಲಿನ ಅಂಗಡಿಯಲ್ಲೇ ನೀರು ಬೀಳುವ ದೊಡ್ಡ ಮಶೀನಿನಲ್ಲಿ ಕತ್ತರಿಸಿ ತನ್ನಿ. ಮನೆಯೊಳಗೆ ಉಳಿಯುವುದು ಕೂಡಿಸುವ ಕೆಲಸ ಮಾತ್ರ.

ಸೈಟಿನಲ್ಲೇ ಕತ್ತರಿಸಬೇಕಾದರೆ ಬ್ಲೇಡಿಗೆ ನೀರು ಬೀಳುವ ಕಟರ್ ಬಳಸಿ. ಅದಿಲ್ಲವೇ? ಇನ್ನೊಬ್ಬ ಸಣ್ಣ ಪೈಪಿನಿಂದ ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬಿಡುತ್ತಿರಲಿ. ಕಲ್ಲನ್ನು ಮೊದಲು ಒಮ್ಮೆ ನೆನೆಸಿದರೆ ಸಾಲದು, ಕತ್ತರಿಸುವ ಉದ್ದಕ್ಕೂ ನೀರು ಬೀಳಬೇಕು. ನೀರು ಮತ್ತು ಕರೆಂಟ್ ಒಟ್ಟಿಗೆ ಇರುವುದರಿಂದ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಇಎಲ್‌ಸಿಬಿ ಸ್ವಿಚ್ ಆ ಲೈನಿಗೆ ಇರಲೇಬೇಕು. ಅದಿಲ್ಲದೆ ಒದ್ದೆ ಕೆಲಸಕ್ಕೆ ಇಳಿಯಬೇಡಿ.

ಗೋಡೆ ಉಜ್ಜುವಾಗ, ಕಾಂಕ್ರೀಟ್ ಒಡೆಯುವಾಗ ನೀರು ಚಿಮುಕಿಸಿ. ಗುಡಿಸುವ ಮೊದಲೂ ಚಿಮುಕಿಸಿ. ಒಣ ಪೊರಕೆ ಕೆಳಗೆ ಕೂತ ಧೂಳನ್ನು ಮತ್ತೆ ಮೂಗಿನ ಮಟ್ಟಕ್ಕೆ ಏರಿಸುತ್ತದೆ. ಟೇಬಲ್ ಫ್ಯಾನ್ ಹಚ್ಚಿ ಧೂಳನ್ನು ಪಕ್ಕದ ಕೋಣೆಗೆ ಓಡಿಸಿದರೆ ಅಲ್ಲಿ ಪೇಂಟ್ ಹೊಡೆಯುವವನು ಅದನ್ನು ನುಂಗುತ್ತಾನೆ.

ಕೆಲಸ ಮಾಡಿಸುವ ಮುಕಾದಮರಿಗೆ (ಮೇಸ್ತ್ರಿಗೆ) ಹೇಳಲು ಉದ್ದ ಮಾತು ಬೇಡ. "ಅಣ್ಣಾ, ನೀರಿನ ಪೈಪ್ ಒಂದು ಹಚ್ಚಿಕೊಡ್ರಿ, ಒಣಾ ಕಟ್ ಮಾಡಂಗಿಲ್ಲ ನಾವು" ಎಂದು ನಾಲ್ಕು ಜನ ಒಟ್ಟಿಗೆ ಹೇಳಿ. ಒಬ್ಬನೇ ಹೇಳಿದರೆ ನಾಳೆ ಕೂಲಿಯವರು ಸೇರುವ ನಾಕಾದಲ್ಲಿ ಅವನನ್ನು ಬಿಟ್ಟು ಬೇರೆಯವನನ್ನು ಕರೆಯುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ಮನೆ ಮಾಲೀಕರಿಗೆ ಹೇಳುತ್ತಿದ್ದೇನೆ: ದುಡ್ಡು ಕೊಡುವವರು ನೀವು. ಕೆಲಸ ಒಪ್ಪಿಸುವಾಗಲೇ "ಒದ್ದೆ ಕಟಿಂಗ್ ಮಾತ್ರ" ಎಂದು ಕಾಂಟ್ರಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಹುಡುಗರ ಜೊತೆಗೆ ನಿಮ್ಮ ಮನೆಯ ಮಕ್ಕಳೂ ಉಳಿಯುತ್ತಾರೆ, ಅಲ್ವಾ?

ಪಿಂಪ್ರಿ-ಚಿಂಚವಾಡ, ಭೋಸರಿಯಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಅಚ್ಚಿನ ಮರಳು ಒಡೆಯುವವರಿಗೂ ಇದೇ ಸಿಲಿಕಾ. ಅಲ್ಲಿ ಧೂಳು ಹೀರುವ ಯಂತ್ರ ಬೇಕೇ ಬೇಕು, ನೀರೊಂದೇ ಸಾಲದು.

ಸಿಮೆಂಟ್ ಪತ್ರಾ: ಮುರಿಯಬೇಡಿ, ಕೊರೆಯಬೇಡಿ, ಉಜ್ಜಬೇಡಿ

ಚಾಳ್, ಝೋಪಡಿ, ಗೋಡೌನ್‌ಗಳ ಬೂದುಬಣ್ಣದ ಅಲೆಅಲೆಯಾದ ಹಳೆಯ ಶೀಟುಗಳಲ್ಲಿ ಬಹುಪಾಲು ಆಸ್ಬೆಸ್ಟಾಸ್ ಇದೆ. ಗಟ್ಟಿಯಾಗಿ, ಮುರಿಯದೆ ಇರುವ ಶೀಟಿನ ಕೆಳಗೆ ಮಲಗಿದರೆ ಗಾಬರಿ ಬೇಡ. ಅದನ್ನು ಮುಟ್ಟಿದಾಗಲೇ ಅಪಾಯ. ಕತ್ತರಿಸಿದರೆ, ತೂತು ಕೊರೆದರೆ, ಬ್ರಷ್‌ನಿಂದ ಪಾಚಿ ಕೆರೆದರೆ ಕಣ್ಣಿಗೆ ಕಾಣದ ಎಳೆಗಳು ಹಾರುತ್ತವೆ. ಅವು ಶ್ವಾಸಕೋಶದ ಕ್ಯಾನ್ಸರ್ ತರುತ್ತವೆ. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕೂಡ ಬಹುಮಟ್ಟಿಗೆ ಇದರಿಂದಲೇ ಬರುವಂಥದ್ದು.

ಮುಂಬೈಯಲ್ಲಿ ಮೇ ತಿಂಗಳು ಬಂತೆಂದರೆ ಮಳೆಗೆ ಮುಂಚೆ ಪತ್ರಾ ರಿಪೇರಿ ಶುರು. ಆಗ ಹೀಗೆ ಮಾಡಿ. ಸಣ್ಣ ಬಿರುಕಿದ್ದರೆ ಶೀಟ್ ತೆಗೆಯದೆ ಮೇಲಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಅಥವಾ ತಾಡಪತ್ರಿ ಹೊದಿಸಿ. ಬದಲಿಸಲೇಬೇಕಾದರೆ ಹೊಸದು ಆಸ್ಬೆಸ್ಟಾಸ್ ಇಲ್ಲದ್ದಾಗಿರಲಿ. ತಗಡಿನದು, ಪಿವಿಸಿಯದು, ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟಿನದು ಸಿಗುತ್ತದೆ. ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ ಶೀಟಿನ ಮಾರಾಟಕ್ಕೆ ಇನ್ನೂ ಪೂರ್ತಿ ನಿಷೇಧ ಬಂದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು.

ಹಳೆಯದನ್ನು ಇಳಿಸುವಾಗ ಮಕ್ಕಳನ್ನು, ನೆರೆಯವರನ್ನು ದೂರ ಕಳಿಸಿ. ಶೀಟನ್ನು ಚೆನ್ನಾಗಿ ಒದ್ದೆ ಮಾಡಿ. ಬೋಲ್ಟ್ ಬಿಚ್ಚಿ, ಸುತ್ತಿಗೆಯಿಂದ ಹೊಡೆಯಬೇಡಿ. ಎಸೆಯದೆ ಇಡಿಯಾಗಿ ಕೈಯಿಂದ ಕೈಗೆ ಇಳಿಸಿ. ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಂಟುಪಟ್ಟಿ ಹಾಕಿ. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಆ ಬಟ್ಟೆಯನ್ನೂ ಅದೇ ಕಟ್ಟಿನಲ್ಲಿ ಹಾಕಿ. ಚೂರುಗಳನ್ನು ಅಂಗಳಕ್ಕೆ ಹಾಸುವುದು, ಬಚ್ಚಲಿಗೆ ಅಡ್ಡ ಇಡುವುದು ಬೇಡವೇ ಬೇಡ. ಎಲ್ಲಿ ಒಯ್ಯಬೇಕೆಂದು ವಾರ್ಡ್ ಆಫೀಸಿನಲ್ಲಿ ಕೇಳಿ. ಕಾರ್ಖಾನೆಯ ದೊಡ್ಡ ಮಾಡನ್ನು ಇಳಿಸುವುದಾದರೆ ಮಾತ್ರ ತರಬೇತಿ ಇರುವವರೇ ಬೇಕು.

ಬೀಡಿ ಸಿಗರೇಟು ಸೇದುವವರು ಈ ಲೆಕ್ಕ ಕೇಳಲೇಬೇಕು. ಅಮೆರಿಕದ ಆಸ್ಬೆಸ್ಟಾಸ್ ಕೆಲಸಗಾರರ ಬಗ್ಗೆ 1979ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎರಡೂ ಇಲ್ಲದವರಿಗೆ ಹೋಲಿಸಿದರೆ ಆಸ್ಬೆಸ್ಟಾಸ್ ಮಾತ್ರ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಸುಮಾರು 5 ಪಟ್ಟು. ಸಿಗರೇಟು ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು. ಎರಡೂ ಇದ್ದವರಲ್ಲಿ 50 ಪಟ್ಟಿಗಿಂತ ಹೆಚ್ಚು. ಅಂದರೆ ಇಲ್ಲಿ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಧೂಳಿನ ಕೆಲಸದವನು ಬೀಡಿ ಬಿಟ್ಟರೆ ಬೇರೆಯವರಿಗಿಂತ ಅವನಿಗೇ ಲಾಭ ಜಾಸ್ತಿ.

ಹೊಗೆ, ಆವಿ, ಕಿರಣ

ವೆಲ್ಡಿಂಗ್ ಮಾಡುವವರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೆಲಸದವರು ಹೆಚ್ಚು ಎಚ್ಚರ ವಹಿಸಬೇಕು. ಅದರ ಹೊಗೆಯಲ್ಲಿ ಕ್ರೋಮಿಯಂನ ಕೆಟ್ಟ ರೂಪ ಮತ್ತು ನಿಕ್ಕಲ್ ಇರುತ್ತವೆ. ಹೊಗೆ ಏಳುವ ಜಾಗದ ಪಕ್ಕದಲ್ಲೇ ಹೀರುವ ಪೈಪ್ ಇರಲಿ. ಅದಿಲ್ಲದ ಸಣ್ಣ ಅಂಗಡಿಯಲ್ಲಿ ಶಟರ್ ಪೂರ್ತಿ ತೆಗೆದು, ಗಾಳಿ ನಿಮ್ಮ ಪಕ್ಕದಿಂದ ಹಾದು ಹೋಗುವಂತೆ ಕೂತುಕೊಳ್ಳಿ. ತಲೆಯನ್ನು ಹೊಗೆಯ ಮೇಲೆ ಬಾಗಿಸಬೇಡಿ. ಬಣ್ಣ, ಗ್ರೀಸ್ ಮೊದಲೇ ಒರೆಸಿ ತೆಗೆಯಿರಿ.

ಗ್ಯಾರೇಜಿನ ಹುಡುಗರು ಪೆಟ್ರೋಲಿನಲ್ಲಿ ಕೈ ತೊಳೆಯುವುದನ್ನು ನಿಲ್ಲಿಸಬೇಕು. ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್ ಇರಬಹುದು. ಅದು ರಕ್ತದ ಕ್ಯಾನ್ಸರ್‌ಗೆ ಕಾರಣ. ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವುದಂತೂ ಬೇಡವೇ ಬೇಡ, ಕಡಿಮೆ ಬೆಲೆಯ ಕೈಪಂಪು ಸಿಗುತ್ತದೆ. ಕೈಗೆ ಮೆಕ್ಯಾನಿಕ್‌ಗಳ ಸೋಪು, ಭಾಗಗಳಿಗೆ ನೀರಿನ ಡಿಗ್ರೀಸರ್ ಬಳಸಿ. ಡೀಸೆಲ್ ಗಾಡಿಯನ್ನು ಮುಚ್ಚಿದ ಗೋಡೌನಿನಲ್ಲಿ ಚಾಲೂ ಬಿಟ್ಟು ಮಾಲು ಇಳಿಸಬೇಡಿ.

ಬಡಿಗರು ಮರದ ಪುಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರಿಂದ ಮೂಗಿನ ಒಳಗೆ ಮತ್ತು ಸೈನಸ್‌ನಲ್ಲಿ ಕ್ಯಾನ್ಸರ್ ಬರುತ್ತದೆ. ಪ್ಲೈವುಡ್ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಬೇರೆ ಇರುತ್ತದೆ. ಸ್ಯಾಂಡರ್, ಕಟರ್‌ಗೆ ವ್ಯಾಕ್ಯೂಮ್ ಪೈಪ್ ಜೋಡಿಸಿ. ಅಂಟು, ಥಿನ್ನರ್ ಡಬ್ಬ ಬಳಸಿದ ಕೂಡಲೇ ಮುಚ್ಚಿ.

ಹೋಟೆಲ್ ಅಡುಗೆಮನೆಯಲ್ಲಿ ಮುಖ್ಯ ಕೆಲಸ ಎಕ್ಸಾಸ್ಟ್‌ನದು. ಕಲ್ಲಿದ್ದಲ ಹೊಗೆ ಒಂದನೇ ಗುಂಪಿನಲ್ಲಿದೆ. ಸೌದೆ ಹೊಗೆ, ಜೋರು ಉರಿಯಲ್ಲಿ ಕರಿಯುವಾಗ ಏಳುವ ಎಣ್ಣೆ ಹೊಗೆ ಅದರ ನಂತರದ ಗುಂಪಿನಲ್ಲಿವೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ಸೌದೆ, ಇದ್ದಲು ಭಟ್ಟಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುಚಿ ಇಂಧನಕ್ಕೆ ಬದಲಾಗಬೇಕೆಂದು ಹೇಳಿತು. ಹೋಟೆಲ್ ನಡೆಸುವ ಅಣ್ಣಂದಿರು ಇದನ್ನು ಬರೀ ಖರ್ಚು ಎಂದು ನೋಡಬೇಡಿ. ಭಟ್ಟಿ ಮುಂದೆ ನಿಲ್ಲುವವನು ನಿಮ್ಮೂರಿನ ಹುಡುಗನೇ. ಒಲೆ ಮೇಲಿನ ಹೊಗೆ ಹೀರುವ ಹುಡ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಒಂದು ಟಿಶ್ಯೂ ಪೇಪರ್ ಸಾಕು. ಒಲೆ ಉರಿಯದಿರುವಾಗ ಫಿಲ್ಟರ್ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಎಳೆತ ಇದೆ. ಬಿದ್ದರೆ ಜಿಡ್ಡು ಕಟ್ಟಿದೆ ಅಥವಾ ಮೋಟರ್ ಸೋತಿದೆ. ಫಿಲ್ಟರ್ ವಾರಕ್ಕೊಮ್ಮೆಯಾದರೂ ಬಿಸಿನೀರು, ಸೋಡಾ ಹಾಕಿ ತೊಳೆಯಿರಿ.

ಎಕ್ಸ್‌ರೇ ಕೋಣೆ, ಆಂಜಿಯೋಗ್ರಫಿ ಮಾಡುವ ಕ್ಯಾಥ್‌ಲ್ಯಾಬ್‌ನಲ್ಲಿ ದುಡಿಯುವ ಸಿಸ್ಟರ್‌ಗಳು, ಟೆಕ್ನಿಷಿಯನ್‌ಗಳು ಮೈಗೆ ತಾಗಿದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಅನ್ನು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ ಒಳಗೆ ಹಾಕಿಕೊಳ್ಳಬೇಕು. ಗೋಡೆಗೆ ತೂಗುಹಾಕಿದರೆ ಅದು ಗೋಡೆಯ ಲೆಕ್ಕ ಹೇಳುತ್ತದೆ, ನಿಮ್ಮದಲ್ಲ. ಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ದಾಟಬಾರದು. ನಿಮ್ಮ ರೀಡಿಂಗ್ ಎಷ್ಟು ಎಂದು ಮೂರು ತಿಂಗಳಿಗೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಗೆ ಮಾಸ್ಕ್

ಕರವಸ್ತ್ರ, ಟವೆಲ್, ನೀಲಿ ಸರ್ಜಿಕಲ್ ಮಾಸ್ಕ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಕಲ್ಲು, ಮರದ ಪುಡಿಗೆ ಎನ್95 ಅಥವಾ ಎಫ್‌ಎಫ್‌ಪಿ2 ಬೇಕು. ಆಸ್ಬೆಸ್ಟಾಸ್‌ಗೆ ಎಫ್‌ಎಫ್‌ಪಿ3. ಭಾರತದಲ್ಲಿ ಇವಕ್ಕೆ ಐಎಸ್ 9473 ಎಂಬ ಮಾನದಂಡ ಇದೆ, ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ. ಕಿವಿಗೆ ಹಾಕುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದು ಚೆನ್ನಾಗಿ ಕೂರುತ್ತದೆ. ಹಾಕಿಕೊಂಡು ಜೋರಾಗಿ ಉಸಿರು ಬಿಡಿ. ಅಂಚಿನಿಂದ ಗಾಳಿ ಬಂದರೆ ಸರಿಯಾಗಿ ಕೂತಿಲ್ಲ. ಗಡ್ಡ ಇದ್ದರೆ ಕೂರುವುದೇ ಇಲ್ಲ. ಥಿನ್ನರ್, ಪೇಂಟ್ ಆವಿಗೆ ಎನ್95 ಏನೂ ಮಾಡದು, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ವಾಸನೆ ಒಳಗೆ ಬಂದರೆ ಕಾರ್ಟ್ರಿಜ್ ಮುಗಿಯಿತೆಂದು ತಿಳಿಯಿರಿ.

ಧೂಳನ್ನು ಮನೆಗೆ ತರಬೇಡಿ

ಆಸ್ಬೆಸ್ಟಾಸ್ ಕಾರ್ಖಾನೆಗೆ ಯಾವತ್ತೂ ಕಾಲಿಡದ ಹೆಂಗಸರಿಗೆ ಮೀಸೋಥೀಲಿಯೋಮಾ ಬಂದ ಪ್ರಕರಣಗಳಿವೆ. ಅವರು ಗಂಡನ ಬಟ್ಟೆ ಒಗೆಯುತ್ತಿದ್ದರು. ಕೆಲಸದ ಬಟ್ಟೆ, ಬೂಟು ಅಲ್ಲೇ ಬದಲಿಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ತನ್ನಿ. ಕೊಡವದೆ ನೇರ ನೀರಿಗೆ ಹಾಕಿ, ಬೇರೆ ಬಟ್ಟೆಗಳ ಜೊತೆ ಸೇರಿಸಬೇಡಿ. ಕಂಪ್ರೆಸರ್ ಗಾಳಿಯಿಂದ ಮೈಮೇಲಿನ ಧೂಳು ಊದಿಕೊಳ್ಳುವ ಅಭ್ಯಾಸ ಬಿಡಿ. ಊಟದ ಡಬ್ಬಿ ಬಿಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಊರಿನ ಗಾಳಿ

ಹೊರಗಿನ ಗಾಳಿಯ ಮಾಲಿನ್ಯವನ್ನೂ ಐಎಆರ್‌ಸಿ 2013ರಲ್ಲಿ ಒಂದನೇ ಗುಂಪಿಗೆ ಸೇರಿಸಿತು. ಗಾಳಿಯಲ್ಲಿ ತೇಲುವ ಅತಿ ಸಣ್ಣ ಪಿಎಂ2.5 ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರ್ಷಿಕ ಮಟ್ಟ ಘನ ಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ಮುಂಬೈಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಕೆಡುತ್ತದೆ. ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಸಮೀರ್ ಆ್ಯಪ್ ಅನ್ನು ಫೋನಿನಲ್ಲಿ ನೋಡಿ ನಡಿಗೆ, ವ್ಯಾಯಾಮದ ಹೊತ್ತು ಬದಲಿಸಿ. ಪಕ್ಕದ ಸೈಟಿನಲ್ಲಿ ಹಸಿರು ಬಟ್ಟೆ ಕಟ್ಟದೆ, ನೀರು ಹೊಡೆಯದೆ ಕೆಲಸ ನಡೆದರೆ, ಅಥವಾ ತಂತಿಯ ತಾಮ್ರಕ್ಕಾಗಿ ಪ್ಲಾಸ್ಟಿಕ್ ಸುಡುತ್ತಿದ್ದರೆ ಮಹಾನಗರ ಪಾಲಿಕೆಯ 1916 ಸಂಖ್ಯೆಗೆ ಫೋನ್ ಮಾಡಿ.

ಒಂದು ನೋಟ್‌ಬುಕ್, ಒಂದು ಫೈಲು

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದು ಬಹಳ ಮುಖ್ಯ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾರ ಹತ್ತಿರ, ಯಾವ ಕೆಲಸ, ಯಾವ ಧೂಳು ಅಥವಾ ರಾಸಾಯನಿಕ ಎಂದು ಕನ್ನಡದಲ್ಲೇ ಬರೆದಿಡಿ. ಸಂಬಳದ ಚೀಟಿ, ಗೇಟ್‌ಪಾಸ್, ಇಎಸ್‌ಐ ಕಾರ್ಡ್, ಎಕ್ಸ್‌ರೇ ಜೊತೆಗಿಡಿ. ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸ ಶುರುವಾದಾಗಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಮಾಲೀಕರು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಆದರೂ ಕಂಪನಿ ಮುಚ್ಚಿದರೆ ಕಾಗದ ಎಲ್ಲಿ ಹುಡುಕುತ್ತೀರಿ? ನಿಮ್ಮದೊಂದು ಪ್ರತಿ ಊರಿನ ಮನೆಯಲ್ಲಿರಲಿ.

ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. 18ರಿಂದ 60 ವಯಸ್ಸಿನವರು, ಬೇರೆ ರಾಜ್ಯದವರಾದರೂ ಸರಿ. ಕಾರ್ಖಾನೆಯ ದೂರು ಮಹಾರಾಷ್ಟ್ರದಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ ಹೋಗುತ್ತದೆ. ವಾಸ್ಕೋ, ಝುವಾರಿನಗರದಲ್ಲಿ ನೆಲೆಸಿ ಗೋವಾದ ಕಾರ್ಖಾನೆಗಳಿಗೆ ಹೋಗುವವರು ಅಲ್ಲಿನ ಕಾರ್ಖಾನೆ ಮತ್ತು ಬಾಯ್ಲರ್ ಇನ್‌ಸ್ಪೆಕ್ಟರೇಟ್‌ಗೆ ಬರೆಯಬೇಕು.

ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಏರುತ್ತಲೇ ಹೋಗುವ ಏದುಸಿರು ಕಂಡರೆ ತಡಮಾಡಬೇಡಿ. ಬಣ್ಣ, ಡೈ, ರಬ್ಬರ್ ಕೆಲಸದವರಿಗೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ ಅದು ಮೂತ್ರಕೋಶದ ಕ್ಯಾನ್ಸರಿನ ಸೂಚನೆ ಇರಬಹುದು. ಒಮ್ಮೆ ಬಂದು ನಿಂತುಹೋದರೂ ತೋರಿಸಿ. ಬಡಿಗರಿಗೆ ಮೂಗಿನ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು ರಕ್ತ ಬಂದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಡಾಕ್ಟರು ಕೇಳದಿದ್ದರೂ ನೋಟ್‌ಬುಕ್ ತೋರಿಸಿ, ಕೇಸ್‌ಪೇಪರಿನಲ್ಲಿ ನಿಮ್ಮ ಕೆಲಸ ಮತ್ತು ಎಷ್ಟು ವರ್ಷ ಎಂದು ಬರೆಸಿಕೊಳ್ಳಿ. ಆಸ್ಬೆಸ್ಟಾಸ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾ ಸಾಮಾಜಿಕ ಭದ್ರತಾ ಸಂಹಿತೆಯ (ಹಿಂದಿನ ಇಎಸ್‌ಐ ಕಾಯ್ದೆಯ) ಉದ್ಯೋಗ ಕಾಯಿಲೆಗಳ ಪಟ್ಟಿಯಲ್ಲಿವೆ. ಪರಿಹಾರ ಕೇಳಲು ಹೋದಾಗ ಮೊದಲು ಕೇಳುವುದು ಆ ಕೇಸ್‌ಪೇಪರನ್ನೇ.